ನೂರಾ ಎಪ್ಪತ್ತೆರಡು ಕೆಜಿಯ ವರ

ಭದ್ರಾವತಿಯ ಕಾಗದನಗರದ ಶಕುಂತಲಮ್ಮ ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಈಗ ಐವತ್ತಾರರಲ್ಲಿ ದಿನಾ ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಬಂದು, ಉಜ್ಜನಪ್ಪನವರ ವಧೂವರರ ಕೇಂದ್ರದಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾರೆ. ಬೇಕಾದ ಪಟ್ಟಿಯನ್ನು ಯಂತ್ರದಿಂದ ಕೇಳಿ ಪಡೆಯುವ ಆದೇಶ, ಅಂದರೆ ಕ್ವೆರಿ ಬರೆಯುವುದನ್ನು ಮಗಳ ಹಳೆಯ ಪುಸ್ತಕ ಓದಿ ತಾವೇ ಕಲಿತರು.

ಒಂದು ಸೋಮವಾರ ಬೀಗ ತೆಗೆಯುವಷ್ಟರಲ್ಲೇ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಹೊಳಲೂರಿನ ಈಶ್ವರಪ್ಪ, ಮದುವೆಗಿರುವ ಹುಡುಗಿಯ ತಂದೆ.

"ಏನಮ್ಮಾ, ನೀವು ಕಳಿಸಿದ ಪಟ್ಟೀಲಿ ಆ ರೂಪೇಶನ ತೂಕ ನೂರಾ ಎಪ್ಪತ್ತೆರಡು ಕೆಜಿ ಅಂತಿದೆ! ಮಂಟಪಕ್ಕೆ ಕಬ್ಬಿಣದ ಕಂಬ ಹಾಕಿಸ್ಲಾ?"

ಫೋಟೋದಲ್ಲಿ ರೂಪೇಶ ಊದುಕಡ್ಡಿಯ ಹಾಗಿದ್ದ. ಪಟ್ಟಿ ತೆರೆದರೆ ಹದಿನೆಂಟು ವರರಲ್ಲಿ ಒಬ್ಬನೂ ನೂರೈವತ್ತಕ್ಕೆ ಕಡಿಮೆಯಿಲ್ಲ.

"ವೈರಸ್ ಬಂದಿದೆ ಶಕುಂತಲಮ್ಮ," ಎಂದರು ಆಗಷ್ಟೇ ಒಳಬಂದ ಉಜ್ಜನಪ್ಪ. "ಶನಿವಾರ ನಾನೇ ಕ್ವೆರಿ ಸ್ವಲ್ಪ ನೀಟ್ ಮಾಡಿ ಪಟ್ಟಿ ಕಳಿಸಿದ್ದೆ. ಎಲ್ಲಾ ಸರಿಯಿತ್ತು."

ಶಕುಂತಲಮ್ಮ ಆ ಕ್ವೆರಿ ತೆರೆದರು. ಕರಡು ತಿದ್ದುವ ಹಳೆಯ ರೂಢಿಯಂತೆ ಪರದೆಯ ಮೇಲೆ ಬೆರಳಿಟ್ಟು ಓದಿದರು. ಕೇಳಿದ್ದು ಐದು ಕಾಲಂ: ಹೆಸರು, ವಯಸ್ಸು, ಎತ್ತರ, ತೂಕ, ಫೋನು. ಬಂದಿದ್ದು ನಾಲ್ಕೇ. ಎತ್ತರ ಕಾಣೆಯಾಗಿತ್ತು. ಬೆರಳು ಅಲ್ಲಿಯೇ ನಿಂತಿತು. ಎತ್ತರಕ್ಕೂ ತೂಕಕ್ಕೂ ನಡುವಿನ ಅಲ್ಪವಿರಾಮವನ್ನು ಉಜ್ಜನಪ್ಪನವರ 'ನೀಟು' ನುಂಗಿಬಿಟ್ಟಿತ್ತು. ಎರಡು ಹೆಸರು ಹಾಗೆ ಅಂಟಿಕೊಂಡು ನಿಂತರೆ ಎರಡನೆಯದು ಮೊದಲನೆಯದರ ಅಲಿಯಾಸ್, ಅಂದರೆ ಅಡ್ಡಹೆಸರು ಎಂದು ಯಂತ್ರ ನಂಬುತ್ತದೆ. ತಪ್ಪೆಂದು ತಕರಾರು ಎತ್ತುವುದಿಲ್ಲ. ಸೆಂಟಿಮೀಟರುಗಳೆಲ್ಲ ತೂಕದ ಹಣೆಪಟ್ಟಿ ಕಟ್ಟಿಕೊಂಡು ಕೂತಿದ್ದವು.

ಅಲ್ಪವಿರಾಮ ಹಾಕಲು ಒಂದು ಕ್ಷಣ ಸಾಕಾಯಿತು. ತುಂಟ ನಗುವನ್ನು ನುಂಗಿಕೊಳ್ಳುವುದಕ್ಕೇ ಹೊತ್ತು ಹಿಡಿಯಿತು.

"ವೈರಸ್ ಹೋಯ್ತು ಸಾರ್. ಆದ್ರೆ ಪಟ್ಟಿ ಹೋದ ಮನೆಗೆಲ್ಲ ನೀವೇ ಫೋನ್ ಮಾಡ್ಬೇಕು. ಮಾಲೀಕರ ಮಾತಿಗೇ ಬೆಲೆ."

ಉಜ್ಜನಪ್ಪ ಉಬ್ಬಿದರು. ಮಧ್ಯಾಹ್ನವಿಡೀ "ಅದು ತೂಕ ಅಲ್ಲ ಸ್ವಾಮಿ, ಎತ್ತರ" ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಕೊನೆಗೆ ಈಶ್ವರಪ್ಪನ ಸರದಿ.

"ಹಾಗಾದ್ರೆ ನಿಜವಾದ ತೂಕ ಎಷ್ಟು?"

"ಐವತ್ತೊಂದು."

"ಅಯ್ಯೋ, ಅಷ್ಟು ತೆಳ್ಳಗಾ? ಬೇಡ ಬಿಡಿ ಮಾರಾಯ್ರೆ!"

ಫೋನಿನಲ್ಲಿ ಈಶ್ವರಪ್ಪನ ಹಿಂದಿನಿಂದ ಮಗಳು ಅಮೂಲ್ಯಳ ದನಿ ಕೇಳಿಸಿತು: "ಅಪ್ಪಾ, ನಾನು ನಿನ್ನೇನೇ ರೂಪೇಶ್ ಅವರಿಗೆ ಫೋನ್ ಮಾಡಿ, ಯಾವ ತಕ್ಕಡೀಲಿ ತೂಗ್ಸಿದ್ರಿ ಅಂತ ಕೇಳ್ದೆ. ಒಂದು ಗಂಟೆ ನಕ್ಕಿದೀವಿ. ಭಾನುವಾರ ನೋಡೋಕೆ ಬರ್ತಿದಾರೆ."