ಬೀರುವಿನ ಆರೋಗ್ಯ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದವನನ್ನು ಎಲ್ಲರೂ ಸೊನ್ನೆಯಣ್ಣ ಎನ್ನುತ್ತಿದ್ದರು. ಅವನ ಮೈಗೆ ಎಷ್ಟು ವಿಕಿರಣ ತಾಗಿದೆಯೆಂದು ಅಳೆಯುವ ಬ್ಯಾಡ್ಜಿನ ವರದಿ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಪ್ರತಿ ಸಲವೂ ಸೊನ್ನೆ. ಈ ಸಾಧನೆಗಾಗಿ ಮುಖ್ಯಾಧಿಕಾರಿಗಳಿಗೆ ಎರಡು ಬಾರಿ ಸುರಕ್ಷತಾ ಪ್ರಶಸ್ತಿಯೂ ಸಿಕ್ಕಿತ್ತು. ಬ್ಯಾಡ್ಜು ಮಾತ್ರ ಅವನ ಎದೆ ಕಂಡದ್ದೇ ಇಲ್ಲ. ಕಳೆದುಹೋದರೆ ಯಾರು ಜವಾಬು ಕೊಡುವವರು ಎಂದು ಮುಖ್ಯಾಧಿಕಾರಿಗಳು ಅದನ್ನು ತಮ್ಮ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು.

ಸೊನ್ನೆಯಣ್ಣ ತಕರಾರಿನ ಮನುಷ್ಯನಲ್ಲ. ಅಳುವ ಮಕ್ಕಳು, ನಡುಗುವ ಮುದುಕರು ಯಂತ್ರದ ಮುಂದೆ ಅಲುಗಾಡಿದರೆ ತಾನೇ ಹೋಗಿ ಹಿಡಿದುಕೊಳ್ಳುತ್ತಿದ್ದ. ಗುಂಡಿ ಒತ್ತಲು ಆಯಾ ಇದ್ದಳು. ಕಿರಣ ತಡೆಯಲೆಂದು ತೊಡುವ ಸೀಸದ ಅಂಗಿ ಮಡಿಚಿ ಮಡಿಚಿ ಒಳಗೊಳಗೇ ಬಿರುಕು ಬಿಟ್ಟಿತ್ತು.

ಇಪ್ಪತ್ತೊಂದನೆಯ ವರ್ಷ ಬಂದ ನೆಗಡಿ ಹೋಗದು, ಬೆರಳಿನ ಗಾಯ ಮಾಯದು. ಅದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತಿದ್ದ ನಾದಿನಿ ಅವನನ್ನು ಎಳೆದೊಯ್ದು ಸೂಜಿ ಚುಚ್ಚಿದಳು. ಬಿಳಿ ರಕ್ತಕಣಗಳು ಕಡಿಮೆಯಾಗಿದ್ದವು. ಅನುಮಾನ ಬಂದು ಇನ್ನಷ್ಟು ರಕ್ತವನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದಳು. ಉತ್ತರ ಬಂದ ದಿನ ನೇರ ಮನೆಗೇ ಬಂದಳು.

"ಭಾವ, ಕಣದೊಳಗೆ ಡಿಎನ್‌ಎ ಅಂತ ದಾರ ಇರುತ್ತೆ. ಎಕ್ಸ್‌ರೇ ಅದನ್ನ ಕತ್ತರಿಸುತ್ತೆ. ಕಣ ಸುಮ್ನೆ ಕೂರಲ್ಲ, ತಾನೇ ಹೊಲಿದುಕೊಳ್ಳುತ್ತೆ. ಆದ್ರೆ ಒಟ್ಟಿಗೆ ಎರಡು ಮೂರು ಕಡೆ ಹರಿದ್ರೆ ಯಾವುದರ ತುದಿಗೋ ಯಾವುದನ್ನೋ ಸೇರಿಸಿಬಿಡುತ್ತೆ. ನಿಮ್ಮ ರಕ್ತದಲ್ಲಿ ಅಂಥ ತಪ್ಪು ಹೊಲಿಗೆ ತುಂಬಾ ಜಾಸ್ತಿ ಇದೆ."

"ಅಂದ್ರೆ ತೋಳಿಗೆ ಕಾಲರ್ ಹೊಲಿದ ಹಾಗೆ," ಎಂದು ನಗಲು ಹೋದ, ಆಗಲಿಲ್ಲ. ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು.

ನಾದಿನಿ ಆ ವರದಿಯನ್ನು ಮುಖ್ಯಾಧಿಕಾರಿಗಳಿಗೆ ಕೊಟ್ಟ ಮೇಲೆ ಆಸ್ಪತ್ರೆಯ ಸುರಕ್ಷತಾ ಸಮಿತಿ ಸೇರಿತು. ಇಪ್ಪತ್ತೊಂದು ವರ್ಷದ ಸೊನ್ನೆಗಳನ್ನು ಒಂದು ಕಡೆ, ರಕ್ತವನ್ನು ಇನ್ನೊಂದು ಕಡೆ ಇಟ್ಟು ತೂಗಿ, ರಕ್ತವೇ ಸುಳ್ಳು ಹೇಳುತ್ತಿದೆಯೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಸೊಪ್ಪು ತರಕಾರಿ ಹೆಚ್ಚಾಗಿ ತಿನ್ನಬೇಕೆಂದು ಲಿಖಿತ ಸಲಹೆಯನ್ನೂ ಕೊಟ್ಟಿತು.

ಜನ್ಮದಲ್ಲಿ ಮೊದಲ ಬಾರಿಗೆ ಸೊನ್ನೆಯಣ್ಣ ಹಟ ಹಿಡಿದ. ಮರುದಿನ ಮುಖ್ಯಾಧಿಕಾರಿಗಳ ಮುಂದೆ ನಿಂತು ಬ್ಯಾಡ್ಜು ಕೇಳಿದ.

"ಯಾಕಪ್ಪ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು ಅವರು.

"ಇದೆ ಸಾರ್. ಕೊಡೋವರೆಗೂ ಇಲ್ಲೇ ನಿಂತಿರ್ತೀನಿ."

ಹೊರಗೆ ರೋಗಿಗಳ ಸಾಲು ಮೆಟ್ಟಿಲು ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಬೀಗ ತೆರೆಯಿತು.

ಮೂರು ತಿಂಗಳು ಎದೆಗೆ ಸಿಕ್ಕಿಸಿಕೊಂಡು ದುಡಿದ. ವರದಿ ಬಂದಾಗ ಅಂಕಿ ಇಡೀ ವರ್ಷದ ಮಿತಿಯನ್ನೇ ದಾಟಿತ್ತು. ಮತ್ತೆ ಸಮಿತಿ ಸೇರಿತು.

"ಇಷ್ಟು ವರ್ಷ ಸರಿಯಾಗಿದ್ದದ್ದು ನಿನ್ನ ಕೈಗೆ ಬಂದ ಕೂಡಲೇ ಕೆಟ್ಟುಹೋಯ್ತಲ್ಲ," ಎಂದರು ಮುಖ್ಯಾಧಿಕಾರಿಗಳು.

"ಇಷ್ಟು ವರ್ಷ ಅದು ಅಳೆದದ್ದು ನಿಮ್ಮ ಬೀರುವಿನ ಆರೋಗ್ಯ ಸಾರ್. ಅದಕ್ಕೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ."

ಮಿತಿ ದಾಟಿದ ವರದಿಯ ಒಂದು ಪ್ರತಿ ಸರ್ಕಾರಿ ತಪಾಸಣೆಯವರಿಗೂ ಹೋಗುತ್ತದೆಂಬುದು ಸಮಿತಿಯಲ್ಲಿ ಯಾರಿಗೂ ನೆನಪಿರಲಿಲ್ಲ. ವಾರದೊಳಗೆ ಅವರು ಬಂದು ಎಕ್ಸ್‌ರೇ ಕೋಣೆಗೆ ಬೀಗಮುದ್ರೆ ಹಾಕಿದರು. ಸೊನ್ನೆಯಣ್ಣನನ್ನು ಕಡತಗಳ ವಿಭಾಗಕ್ಕೆ ವರ್ಗ ಮಾಡಲಾಯಿತು.

ವರ್ಷದೊಳಗೆ ಬಿಳಿ ಕಣಗಳು ನಿಧಾನವಾಗಿ ಏರಿದವು. "ಹೊಸ ಕಣ ಹುಟ್ಟುತ್ತಿವೆ ಭಾವ. ಆದ್ರೆ ತಪ್ಪು ಹೊಲಿಗೆ ಪೂರ್ತಿ ಹೋಗಿಲ್ಲ, ಆರು ತಿಂಗಳಿಗೊಮ್ಮೆ ನೋಡ್ತಾ ಇರಬೇಕು," ಎಂದಳು ನಾದಿನಿ. ಅವಳು ಯಾವುದನ್ನೂ ಮುಚ್ಚಿಡುವವಳಲ್ಲ.

ಹೊಸ ಎಕ್ಸ್‌ರೇ ಕೋಣೆ ಉದ್ಘಾಟನೆಯಾಯಿತು. ಲೋಪವನ್ನು ಸಮಿತಿಯೇ ಹದ್ದಿನ ಕಣ್ಣಿಟ್ಟು ಪತ್ತೆಹಚ್ಚಿತೆಂದು ಮುಖ್ಯಾಧಿಕಾರಿಗಳು ಭಾಷಣ ಮಾಡಿದರು. ಕೊನೆಯ ಸಾಲಿನಲ್ಲಿದ್ದ ಸೊನ್ನೆಯಣ್ಣ ಎಲ್ಲರಂತೆ ಚಪ್ಪಾಳೆ ತಟ್ಟಿದ. ಹೆಂಡತಿ ಅವನ ಕೈ ಹಿಡಿದು ಮೆಲ್ಲಗೆ ತೊಡೆಯ ಮೇಲಿಟ್ಟಳು. ಬೆಳಿಗ್ಗೆಯಷ್ಟೇ ರಕ್ತ ತೆಗೆದ ತೋಳು, ಇನ್ನೂ ನೋಯುತ್ತಿತ್ತು.