ಟೊಪ್ಪಿಯ ಕವಾಟ ತೊಳೆಯುತ್ತಿದ್ದ ಅಕ್ಕ

ಮೊನ್ನೆ ಸೊಸೆ ಮೀನಿನ ಉಪ್ಪಿನಕಾಯಿಗೆಂದು ವಿನೆಗರ್ ಬಾಟಲಿಯ ಮುಚ್ಚಳ ತೆರೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ಮಂಗಳೂರಿನ ಕುದ್ರೋಳಿಯಲ್ಲಿದ್ದಾಗಿನ ಪಕ್ಕದ ಮನೆಯ ಅಕ್ಕ ನೆನಪಾದರು…

ಯುದ್ಧದ ಕಾಲ. ನಾನು ಆಗಷ್ಟೇ ಮದುವೆಯಾಗಿ ಆ ಕೇರಿಗೆ ಬಂದಿದ್ದೆ. ಅಕ್ಕ ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಅವರ ಗಂಡನಿಗೆ ಬಂದರಿನಲ್ಲಿ ಮುಳುಗುವ ಕೆಲಸ. ತಲೆಗೆ ದೊಡ್ಡ ಹಿತ್ತಾಳೆಯ ಟೊಪ್ಪಿ ಹಾಕಿಕೊಂಡು ಇಳಿದು, ತಳ ಸೇರಿದ ಸರಕು, ಲಂಗರುಗಳಿಗೆ ಹಗ್ಗ ಕಟ್ಟಿ ಬರುವುದು. ದೋಣಿಯಿಂದ ಪಂಪಿನಲ್ಲಿ ಒತ್ತಿದ ಗಾಳಿ ಟೊಪ್ಪಿಯೊಳಗೆ ಹೋಗುವಲ್ಲಿ ಹೆಬ್ಬೆರಳ ಗಾತ್ರದ ಒಂದು ಕವಾಟ. ಅದು ಗಾಳಿಯನ್ನು ಒಳಗೆ ಬಿಡಬೇಕು, ಹಿಂದಕ್ಕೆ ಬಿಡಬಾರದು. ಉಪ್ಪುನೀರಿಗೆ ಅದು ಹಸಿರು ಕಿಲುಬು ಹಿಡಿಯುತ್ತಿತ್ತು.

ಒಂದು ದಿನ ಅದು ನೀರಡಿಯಲ್ಲೇ ಕಚ್ಚಿಕೊಂಡಿತು. ಹಗ್ಗ ಎಳೆದು ಮೇಲೆತ್ತುವಾಗ ಗಂಡನ ಮುಖ ನೀಲಿಯಾಗಿತ್ತಂತೆ. ಆದರೂ ಸಂಜೆ ಅಕ್ಕಸಾಲಿಗರ ಅಂಗಡಿಯಿಂದ ಆಸಿಡ್ ಹಿಡಿದುಕೊಂಡೇ ಮನೆಗೆ ಬಂದರು.

“ಇದರಲ್ಲಿ ಅದ್ದು. ಬೇಗ ಕ್ಲೀನ್ ಆಗ್ತದೆ. ನಾಳೆ ಇಳೀಲಿಕ್ಕೆ ಉಂಟು.”

ಅಕ್ಕ ಮೊದಲು ಹಳೆಯ ಹಿತ್ತಾಳೆ ಸ್ಕ್ರೂ ಒಂದನ್ನು ಹಾಕಿ ನೋಡಿದರು. ಕಿಲುಬು ನೊರೆಯೆದ್ದು ಹೋಯಿತು. ಆದರೆ ಸ್ಕ್ರೂ ಕೆಂಪಗಾಗಿ, ಅದರ ಸುತ್ತುಗಳೇ ಸವೆದಿದ್ದವು.

“ಇದು ಹಿತ್ತಾಳೆಯನ್ನೂ ತಿಂತದೆ. ನಾನು ಹಾಕುದಿಲ್ಲ.”

“ನಾನು ಹೋಗದಿದ್ರೆ ಬೇರೆಯವನನ್ನು ಇಳಿಸ್ತಾರೆ. ಎಂತ ಮಾಡುದು ಮತ್ತೆ?”

“ಇಳಿಸ್ಲಿ.”

ಗಂಡ ಉಣ್ಣದೆ ಮಲಗಿದರು, ಇವತ್ತು ಕೆಲಸಕ್ಕೂ ಹೋಗಿಲ್ಲ ಎಂದು ಅಕ್ಕ ಮರುದಿನ ಹುಣಸೆಹುಳಿ ಕೇಳಲು ಬಂದಾಗ ಹೇಳಿದರು. ಹುಣಸೆ ಕಿಲುಬೇನೋ ಬಿಡಿಸಿತು, ಆದರೆ ನಾರು ಸಣ್ಣ ತೂತಿನಲ್ಲಿ ಸಿಕ್ಕಿಕೊಂಡಿತು. ಹಿತ್ತಲಿನ ಹುಳಿಕಾಯಿ ಬಿಂಬುಳಿಯ ರಸವೂ ಅಷ್ಟೇ. ಕೊನೆಗೆ ನಾನು ಪರಿಚಯದ ಕಿರಿಸ್ತಾನ ಹೆಂಗಸೊಬ್ಬರ ಮನೆಯಿಂದ ಕಳ್ಳಿನ ವಿನೆಗರ್ ತಂದುಕೊಟ್ಟೆ. ಅಕ್ಕ ಚರ್ಮದ ವಾಷರ್ ಬಿಚ್ಚಿಟ್ಟು, ನೀರು ಬೆರೆಸಿದ ವಿನೆಗರಿನಲ್ಲಿ ಲೋಹದ ಭಾಗವನ್ನು ಮಾತ್ರ ನೆನೆಸಿದರು. ಆಗಾಗ ತೆಗೆದು ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಇಡುವುದು… ಬಾವಿ ನೀರಿನಲ್ಲಿ ತೊಳೆದು, ಒಣಗಿಸಿ ಜೋಡಿಸಿದ ಮೇಲೆ ತುಟಿಗಿಟ್ಟು ಊದಿದರು. ತಿರುಗಿಸಿ ಊದಿದರು, ಆ ಕಡೆಯಿಂದ ಗಾಳಿ ಹೋಗಲಿಲ್ಲ. ಆಮೇಲೆ ಗಂಡನ ಕೈಗೆ ಕೊಟ್ಟು, “ನೀವೂ ಊದಿ ನೋಡಿ,” ಎಂದರು. ಅವರು ಊದಿದರು. ಹಿಂದಿನ ಸಂಜೆಯಿಂದ ಬಿಗಿದುಕೊಂಡಿದ್ದ ಮುಖ ಆಗ ಸಡಿಲವಾಯಿತು.

ಮುಂದೆ ಪ್ರತಿ ಸಲವೂ ಹಾಗೆಯೇ. ಮತ್ತೆಂದೂ ತೊಂದರೆಯಾಗಲಿಲ್ಲ.

ಯುದ್ಧ ಮುಗಿದ ಸ್ವಲ್ಪ ಕಾಲಕ್ಕೆ ಅಕ್ಕ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಬಂದರಿನಿಂದ ಕೆಲಸಕ್ಕೆ ಕರೆಯಲು ಬಂದವನಿಗೆ ಗಂಡ ಜಗಲಿಯಲ್ಲಿ ಕೂತಲ್ಲಿಂದಲೇ ಹೇಳಿದರು: “ಇನ್ನು ಆಗುದಿಲ್ಲ ಮಾರಾಯ. ಮೇಲೆ ಬರ್ಬೇಕು ಅಂತ ಆಸೆ ಇಲ್ಲದವ ಇಳೀಬಾರದು.” ಆಮೇಲೆ ಒಣಮೀನಿನ ವ್ಯಾಪಾರ ಮಾಡಿಕೊಂಡಿದ್ದರು.

ಈಗ ಅವರೂ ಇಲ್ಲ. ಆ ಮನೆ ಇದ್ದ ಜಾಗದಲ್ಲಿ ಗೋದಾಮು ಎದ್ದಿದೆ. ಅಕ್ಕನ ಒಂದು ಪಟವೂ ಯಾರ ಹತ್ತಿರವೂ ಉಳಿದಿಲ್ಲ. ಸೊಸೆ, “ಅವರು ನೋಡ್ಲಿಕ್ಕೆ ಹೇಗಿದ್ರು ಅತ್ತೆ?” ಎಂದು ಕೇಳಿದಳು. ಹೇಳಲು ಹೊರಟೆ… ಮುಖ ನೆನಪಿಗೆ ಬರಲೇ ಇಲ್ಲ.