ಟಾವೆಲ್ಲುಗಳ ಬಸ್ಸು

ನನ್ನ ದಿನಚರಿಯಲ್ಲಿ ಆ ಭಾನುವಾರದ ಪುಟಕ್ಕೆ ಎರಡು ಕಾಲಂ ಎಳೆದಿದ್ದೇನೆ. ಎಡಕ್ಕೆ ‘ಹೇಳಿದ್ದು’, ಬಲಕ್ಕೆ ‘ಆದದ್ದು’. ಎಡಗಡೆ ಪುಟದ ತುದಿಯವರೆಗೂ ತುಂಬಿದೆ. ಬಲಗಡೆ ಹೆಚ್ಚುಕಡಿಮೆ ಖಾಲಿ. ಕಲಬುರಗಿ ಸ್ಟೇಷನ್ನಿನ ಎದುರು ಒಂದು ರಾತ್ರಿ ಕಳೆದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದಲ್ಲಿ ನನ್ನ ಅಕ್ಕನ ಕುಬಸ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ, ಹೊಸ ಕುಬಸ ಅಂದರೆ ರವಿಕೆ ತೊಡಿಸಿ ಮಣೆಯ ಮೇಲೆ ಕೂರಿಸುವ ಕಾರ್ಯ. ಅಕ್ಕನ ಅತ್ತೆಗೆ ಪಂಚಾಂಗದ ಮೇಲೆ ಮನುಷ್ಯರಿಗಿಂತ ಹೆಚ್ಚು ನಂಬಿಕೆ. ಸೋಮವಾರ ಏಳೂವರೆಗೆ ರಾಹುಕಾಲ ಹತ್ತುತ್ತದೆ, ಅದಕ್ಕೆ ಮೊದಲೇ ಆಗಬೇಕು ಎಂದು ಹಟ ಹಿಡಿದಿದ್ದರು. ಹಿಂದಿನ ದಿನ ಫೋನಿನಲ್ಲಿ ಅವ್ವನಿಗೆ ಹೀಗೆ ಹೇಳಿದ್ದರು: “ನೀವು ಹೊತ್ತಿಗಿ ಬಂದ್ರ ಚೊಲೊ ಆತು. ಬರಲಿಲ್ಲಂದ್ರ ಏನೂ ಕಾಳಜಿ ಮಾಡಬ್ಯಾಡ್ರಿ ಬೀಗತಿ. ನಮ್ಮ ಮನ್ಯಾಗ ಸೀರಿಗಿ ಬರ ಏನಿಲ್ಲ. ನಾವೇ ಉಡಸ್ತೀವಿ.”

ಕೇಳಲು ಎಷ್ಟು ಉದಾರ ಮಾತು. ಕುಬಸದ ದಿನ ಅತ್ತೆಮನೆಯ ಸೀರೆ ಉಟ್ಟು ಕೂತವಳು ತವರು ಇದ್ದೂ ಇಲ್ಲದವಳು ಎಂಬುದು ನಮ್ಮ ಕಡೆ ಚಿಕ್ಕ ಹುಡುಗಿಯರಿಗೂ ಗೊತ್ತು. ಅಕ್ಕನ ಮದುವೆಯಲ್ಲಿ ನಮ್ಮವರು ಊಟದ ಎಲೆ ಕಡಿಮೆ ತಂದರೆಂದು ಅಕ್ಕ ಇಂದಿಗೂ ಚುಚ್ಚುಮಾತು ಕೇಳಬೇಕಾಗಿದೆ. ಇದನ್ನು ಕೊನೆಯವರೆಗೆ ಕೇಳಬೇಕಾಗುತ್ತಿತ್ತು. ಅವ್ವ ಫೋನು ಇಟ್ಟು, “ಅಂತೂ ನಾವು ಬರಬಾರದು ಅಂತ ಆಕಿ ದೇವರಿಗಿ ಕಾಯಿ ಒಡಿಸ್ಯಾಳ” ಎಂದಳು.

ಹಾಗಿದ್ದರೆ ಶನಿವಾರವೇ ಹೋಗಬಾರದಿತ್ತೇ ಎಂದು ಕೇಳುವವರು ಶಹಾಬಜಾರದ ನಮ್ಮ ಓಣಿಯ ದರ್ಜಿಯನ್ನು ಕಂಡವರಲ್ಲ. ಬುಧವಾರದಿಂದ ಅವನದು ಒಂದೇ ಮಾತು: “ಬಸ್, ಹುಕ್ಕಾಂ ಬಾಕಿ ಹೈಂ, ಬಾಯಿ.” ಒಂದು ಕುಬಸಕ್ಕೆ ಐದಾರು ಹುಕ್ಕು ಇರುತ್ತವೆ. ದಿನಕ್ಕೊಂದು ಹಾಕುತ್ತಿದ್ದನೆಂದು ಲೆಕ್ಕ ಹಿಡಿದರೆ ಸರಿಹೋಗುತ್ತದೆ. ಭಾನುವಾರ ರಾತ್ರಿ ಊಟದ ಹೊತ್ತಿಗೆ ಕುಬಸ ಕೈಗೆ ಬಂತು. ಅಷ್ಟರಲ್ಲಿ ಕಮಲಾಪುರದ ಕೊನೆಯ ಬಸ್ಸು ಹೋಗಿಯಾಗಿತ್ತು. ಉಳಿದದ್ದು ಬೀದರ ಕಡೆಯ ರಾತ್ರಿ ರೈಲು. ಅಪ್ಪನಿಗೆ ಮಂಡಿನೋವು, ಆದ್ದರಿಂದ ಅವ್ವ, ನಾನು, ಮತ್ತು ಒಂದು ಹಳದಿ ಕೈಚೀಲ. ಚೀಲದೊಳಗೆ ಸೀರೆ, ಕುಬಸ, ಹಸಿರು ಬಳೆ, ಉಡಿ ತುಂಬುವ ಕೊಬ್ಬರಿಬಟ್ಟಲು.

ಸ್ಟೇಷನ್ನಿನಲ್ಲಿ ಗೊತ್ತಾದದ್ದು: ಮುಂದೆ ಹಳಿ ರಿಪೇರಿ ನಡೆದಿದೆ, ರೈಲು ಹೋಗುವುದಿಲ್ಲ, ಬದಲಿಗೆ ಬಸ್ಸು ಬರುತ್ತದೆ, ಹೊರಗೆ ನಿಲ್ಲಿ. ಬಸ್ಸು ಕಳಿಸುವವನು ಯಾವನೋ ಗುತ್ತಿಗೆದಾರ. ಅವನ ಮುಖ ಯಾರೂ ಕಂಡಿರಲಿಲ್ಲ, ಆದರೆ ಅವನ ಪರವಾಗಿ ಮಾತಾಡಲು ವಿಚಾರಣೆಯ ಕಿಟಕಿಯಲ್ಲಿ ಒಬ್ಬರು ಕೂತಿದ್ದರು.

“ಬಸ್ಸು ಬಿಟ್ಟದ್ರಿ,” ಎಂದರು.

“ಎಲ್ಲಿಂದ ಬಿಟ್ಟದ?” ಅವ್ವ ಕೇಳಿದಳು.

“ಬಿಡೋ ಜಾಗಾದಿಂದ.”

“ಮುಟ್ಟೋದು ಎಷ್ಟೊತ್ತಿಗಿ?”

“ಹತ್ತು ನಿಮಿಷ.”

ಈ ಹತ್ತು ನಿಮಿಷವನ್ನು ನಾನು ಎಡಗಡೆಯ ಕಾಲಮಿನಲ್ಲಿ ಬರೆದುಕೊಂಡೆ. ಅವರು ಮತ್ತೆ ಮತ್ತೆ ಅದನ್ನೇ ಹೇಳಿದ್ದರಿಂದ ಆಮೇಲೆ ಬರೀ ಗೀಟು ಎಳೆಯುತ್ತ ಹೋದೆ. ಮಧ್ಯರಾತ್ರಿಯ ಹೊತ್ತಿಗೆ ಕಿಟಕಿ ಮುಚ್ಚಿತು. ಒಳಗೆ ದೀಪ ಉರಿಯುತ್ತಿತ್ತು, ಗೊರಕೆಯೂ ಕೇಳುತ್ತಿತ್ತು.

ಹೊರಗೆ ಮೂವತ್ತು ಜನರಾದರೂ ಇದ್ದೆವು. ಜನ ಸೇರಿದ ಕಡೆ ಒಬ್ಬ ಮುಖಂಡ ಮೊಳೆಯುವುದು ನಮ್ಮಲ್ಲಿ ನಿಯಮ. ನಮ್ಮ ಪಾಲಿಗೆ ಬಂದವನು ಶರಣಸಿರಸಗಿಯ ಒಬ್ಬ ಪ್ಲಾಟ್ ವ್ಯಾಪಾರಿ. ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ಅಂಚಿನ ಟಾವೆಲ್ಲು. ಹೊಲವನ್ನು ತುಂಡು ಮಾಡಿ ಮಾರಿದ ಅನುಭವದಿಂದಲೋ ಏನೋ, ಬಂದವನೇ ಇನ್ನೂ ಬಾರದ ಬಸ್ಸಿನ ಸೀಟುಗಳನ್ನು ಹಂಚತೊಡಗಿದ. ಹೆಣ್ಣುಮಕ್ಕಳಿಗೆ ಮುಂದೆ, ವಯಸ್ಸಾದವರಿಗೆ ನಡುವೆ, ಹುಡುಗರು ಹಿಂದೆ. ತನಗೆ ಡ್ರೈವರನ ಹಿಂದಿನ ಕಿಟಕಿ.

ಒಬ್ಬ ಜೀಪಿನವನು ಬಂದು ಕಮಲಾಪುರಕ್ಕೆ ಬರುವವರಿದ್ದೀರಾ ಎಂದು ಕೇಳಿದ. ಅವ್ವ ಎದ್ದಳು. ಇನ್ನೂ ಐದಾರು ಜನ ಎದ್ದರು. ವ್ಯಾಪಾರಿ ಕೈ ಅಡ್ಡ ಹಿಡಿದ.

“ಕೂಡ್ರಿ ಅವ್ವಾರ. ಬಿಟ್ಟಿ ಬಸ್ಸು ಬರಾಕತ್ತದ, ಇವ್ನಿಗ್ಯಾಕ ರೊಕ್ಕ ಸುರೀತೀರಿ? ನಾವು ಹೋದ್ವಿ ಅಂದ್ರ ನಾಳಿ ಅವರು ಏನಂತಾರ? ಮಂದೀನೇ ಇರಲಿಲ್ಲ, ಅದಕ್ಕ ಬಸ್ಸು ಕಳಿಸಲಿಲ್ಲ ಅಂತಾರ. ಹಕ್ಕು ಬಿಡಬಾರದು.”

ಹಕ್ಕು ಎಂಬ ಶಬ್ದ ಕೇಳಿದ ಕೂಡಲೇ ಎಲ್ಲರೂ ಕೂತರು. ಇಬ್ಬರೇ ಹೆಂಗಸರು ಅಪರಿಚಿತನ ಜೀಪಿನಲ್ಲಿ ಹೋಗುವಂತಿರಲಿಲ್ಲ, ಅವ್ವನೂ ಕೂತಳು. ಜೀಪು ಖಾಲಿ ಹೋಯಿತು. ಹಕ್ಕು ನಮ್ಮ ಜೊತೆ ಕಟ್ಟೆಯ ಮೇಲೆ ಚಳಿಯಲ್ಲಿ ಉಳಿಯಿತು.

ನಮ್ಮ ಪಕ್ಕದಲ್ಲಿ ಬಾಳೆಹಣ್ಣು ಮಾರುವ ಕಮಲಾಪುರದ ಚಾಚಾ ಒಬ್ಬರಿದ್ದರು. ಅವರು ಬೆಲ್ಲದಂಥ ಕೆಂಪು ಬಾಳೆಹಣ್ಣು ಎರಡು ತೆಗೆದು ನಮಗೆ ಕೊಟ್ಟು, “ತಿನ್ರಿ ಬಾಯಿ. ಬಸ್ಸು ಆತಾ ಅಂದ್ರ ಆತಾ, ಬಂದೇ ಬರ್ತದ. ಕಬ್, ಯಾವಾಗ ಅಂತ ಕೇಳಿದ್ರ ಅದಕ್ಕ ಸಿಟ್ಟು ಬರ್ತದ,” ಎಂದರು.

“ನನ್ನ ಮಗಳ ಕುಬಸ ಅದ ಚಾಚಾ. ಏಳೂವರಿ ಒಳಗ ಮುಟ್ಟಬೇಕು,” ಅವ್ವ ಹೇಳಿದಳು.

“ಮುಟ್ಟತೀರಿ. ಇವತ್ತಿನ ಏಳೂವರಿನೋ ನಾಳಿದೋ, ಅದಷ್ಟೇ ಕೇಳಬ್ಯಾಡ್ರಿ.”

ರಾತ್ರಿ ಒಂದೂವರೆ ದಾಟಿದ ಮೇಲೆ ಅಂಗಳಕ್ಕೆ ಒಂದು ಬಸ್ಸು ತಿರುಗಿತು. ಬಾಗಿಲು ಮುಚ್ಚಿತ್ತು, ಮುಂದೆ ಬೋರ್ಡು ಇರಲಿಲ್ಲ, ಒಳಗೆ ಡ್ರೈವರ ಒಬ್ಬನೇ. ಇಷ್ಟು ಕಂಡರೆ ಬೇರೆ ಊರಿನವರು ಇದು ನಮ್ಮದಲ್ಲವೇನೋ ಎಂದುಕೊಳ್ಳುತ್ತಿದ್ದರು. ನಮ್ಮವರು ಹಾಗಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಆಮೇಲಿನ ಪ್ರಶ್ನೆ, ಮೊದಲು ಸೀಟು ಹಿಡಿಯಬೇಕು. ಗಾಡಿ ಇನ್ನೂ ಉರುಳುತ್ತಿರುವಾಗಲೇ ಜನ ಕಿಟಕಿಗಳಿಗೆ ಮುಗಿಬಿದ್ದರು. ಟಾವೆಲ್ಲು, ಕರ್ಚೀಫು, ಊಟದ ಡಬ್ಬಿ, ಯಾರದೋ ಒಂದು ಚಪ್ಪಲಿ, ಎಲ್ಲವೂ ಒಳಗೆ ಹಾರಿದವು. ಚಾಚಾ ತಮ್ಮ ಟೋಪಿಯನ್ನೇ ತೆಗೆದು ಒಳಗೆ ಎಸೆದರು. ಡ್ರೈವರ ಏನೋ ಕೂಗುತ್ತಿದ್ದ. ಕೇಳುವ ಕಿವಿ ಒಂದೂ ಇರಲಿಲ್ಲ.

ಅವ್ವನ ಕೈಯಲ್ಲಿ ಟಾವೆಲ್ಲು ಇರಲಿಲ್ಲ. ನಮ್ಮ ಮುಖಂಡ ಅದನ್ನು ಗಮನಿಸಿದ.

“ಕೊಡ್ರಿ ಇಲ್ಲಿ ಅವ್ವಾರ, ನಿಮಗ ಮುಂದಿನ ಸೀಟು ಹಿಡೀತೀನಿ,” ಎಂದವನೇ ಅವ್ವನ ತೋಳಿನಿಂದ ಹಳದಿ ಚೀಲ ಕಿತ್ತು ಮೊದಲ ಕಿಟಕಿಯಲ್ಲಿ ತೂರಿಸಿದ. ಅದರ ಹಿಂದೆ ತನ್ನ ಕೆಂಪು ಅಂಚಿನ ಟಾವೆಲ್ಲು ಎಸೆದ. ಬಸ್ಸು ಅಂಗಳದಲ್ಲಿ ಒಂದು ಸುತ್ತು ಹಾಕಿ, ಗೇರು ಬದಲಿಸಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಜನ ಬರಿಗೈಯಲ್ಲಿ ಅದರ ಹಿಂದಿನ ದೀಪ ನೋಡುತ್ತ ನಿಂತರು. ಆಮೇಲೆ ವ್ಯಾಪಾರಿ, “ಡೀಸೆಲ್ ಹಾಕಿಸಿಕೊಂಡು ಬರ್ತಾನ,” ಎಂದ.

“ನನ್ನ ಮಗಳ ಕುಬಸ ಅದರಾಗ ಅದ,” ಅವ್ವ ಹೇಳಿದಳು.

“ಎಲ್ಲಿ ಹೋಗ್ತದ್ರಿ? ಸೀಟು ಹಿಡದದಲ್ಲ,” ಎಂದು ಅವನು ಸಮಾಧಾನ ಹೇಳಿದ. ಸೀಟು ಹಿಡಿದದ್ದೇನೋ ನಿಜ.

ರಿಕ್ಷಾದವನೊಬ್ಬ ನಗುತ್ತ, ಅದು ಡಿಪೋಕ್ಕೆ ಹೋಗುವ ಖಾಲಿ ಗಾಡಿ, ತಿರುಗಿಸಿಕೊಳ್ಳಲು ಒಳಗೆ ಬಂದಿತ್ತು ಎಂದ. ಅವ್ವ ಅವನ ರಿಕ್ಷಾ ಹತ್ತಿದಳು. ನಾನು ಹತ್ತಿದೆ. ಟೋಪಿ ಇಲ್ಲದೆ ಮನೆಗೆ ಹೋಗುವುದಿಲ್ಲ ಎಂದು ಚಾಚಾ ಹತ್ತಿದರು. ಉಳಿದವರು ಬರಲಿಲ್ಲ. ನಾವು ಆ ಕಡೆ ಹೋದಾಗ ಈ ಕಡೆ ಬಸ್ಸು ಬಂದುಬಿಟ್ಟರೆ? ವ್ಯಾಪಾರಿ ನಮ್ಮನ್ನು ಕರುಣೆಯಿಂದ ನೋಡಿದ. ಹಕ್ಕು ಬಿಟ್ಟು ಹೋಗುವವರನ್ನು ನೋಡುವ ಕರುಣೆ.

ಡಿಪೋದ ಗೇಟಿನ ಜಾಲರಿಯಿಂದ ಆ ಬಸ್ಸು ಕಾಣುತ್ತಿತ್ತು. ದೀಪದ ಕೆಳಗೆ ನಿಂತಿತ್ತು. ಒಳಗೆ ನರಪಿಳ್ಳೆ ಇಲ್ಲ, ಆದರೆ ಪ್ರತಿ ಸೀಟಿಗೂ ಒಬ್ಬ ಮಾಲೀಕ. ಮುಂದಿನ ಕಿಟಕಿಯಲ್ಲಿ ಹಳದಿ ಚೀಲ ಸೀಟಿಗೆ ಬೆನ್ನು ಆನಿಸಿಕೊಂಡ ಪ್ರಯಾಣಿಕನ ಹಾಗೆ ಕೂತಿತ್ತು.

ಕಾವಲುಗಾರ ಕಂಬಳಿಯೊಳಗಿಂದ ಹೇಳಿದ, “ಒಳಗ ಬಿಡಾಂಗಿಲ್ರಿ.”

“ನಾವು ಒಳಗ ಬರಾಂಗಿಲ್ಲ. ಆ ಹಳದಿ ಚೀಲ ಕೊಡು ಸಾಕು.”

“ನಿಮ್ದೇ ಅಂತ ನನಗೇನ್ ಗೊತ್ತು?”

“ಒಳಗ ಹಸರ ಸೀರಿ ಅದ, ಬಳಿ ಅದಾವ, ಕೊಬ್ಬರಿಬಟ್ಟಲ ಅದ. ನೀ ಉಡ್ತೀಯೇನು?”

“ಗಾಡ್ಯಾಗ ಸಿಕ್ಕ ಸಾಮಾನು ಸಾಹೇಬ್ರ ಕೈಯಿಂದಾನೇ ಕೊಡಬೇಕ್ರಿ. ಹತ್ತಕ್ಕ ಬರ್ತಾರ.”

“ಏಳೂವರಿಗಿ ರಾಹುಕಾಲ ಹತ್ತತದ.”

“ಸಾಹೇಬ್ರಿಗಿ ಅದು ಹತ್ತಂಗಿಲ್ರಿ.”

ಅವ್ವ ಗೇಟಿನ ಎದುರಿನ ಕಲ್ಲಿನ ಮೇಲೆ ಕೂತಳು. ಅವಳು ಅಳುವುದಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾಳೆ. ಅದನ್ನೇ ಮಾಡುತ್ತಿದ್ದಳು. ಚಾಚಾ ಜಾಲರಿಗೆ ಮುಖ ಒತ್ತಿ ತಮ್ಮ ಟೋಪಿ ನೋಡುತ್ತ ಕೇಳಿದರು, “ಅರೆ ಭಾಯಿ, ಈ ಗಾಡಿ ಮುಂಜಾನಿ ಎಲ್ಲಿಗಿ ಹೋತದ?”

“ಹುಮನಾಬಾದಕ್ಕ. ಐದೂವರಿಗಿ ಬಸ್‌ಸ್ಟ್ಯಾಂಡಿಗಿ ಹಚ್ತಾರ.”

“ಕಮಲಾಪುರದ ಮ್ಯಾಲ?” ಅವ್ವ ಎದ್ದು ನಿಂತಳು.

“ಮತ್ತೇನು ಆಕಾಶದ ಮ್ಯಾಲ ಹೋಗ್ತದೇನ್ರೀ?”

ಬಲಗಡೆಯ ಕಾಲಮಿನಲ್ಲಿ ಬರೆಯಲು ಆ ರಾತ್ರಿ ನನಗೆ ಸಿಕ್ಕ ಮೊದಲ ವಾಕ್ಯ ಅದು. ನಮ್ಮ ಮುಖಂಡ ಹಿಡಿದ ಸೀಟು ನಿಜಕ್ಕೂ ಕಮಲಾಪುರದ್ದೇ ಆಗಿತ್ತು. ಕೆಲವು ಗಂಟೆ ಮುಂಚಿತವಾಗಿ ಹಿಡಿದಿದ್ದ, ಅಷ್ಟೇ.

ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಲ್ಲಿ ಆ ಬಸ್ಸು ಬಂದು ನಿಂತಾಗ ನಾವು ಮೂವರು ಬಾಗಿಲ ಬಳಿಯೇ ಇದ್ದೆವು. ಹಿಂದೆ ದೊಡ್ಡ ನೂಕುನುಗ್ಗಲು. ತಾಜಸುಲ್ತಾನಪುರಕ್ಕೆ ಹೋಗುವವರು, ಹುಮನಾಬಾದದವರು, ಗಂಟುಮೂಟೆ. ಎಲ್ಲರೂ ಒಬ್ಬರನ್ನೊಬ್ಬರು ತುಳಿದು ಒಳಗೆ ಬಂದರು. ಬಂದವರು ಒಮ್ಮೆಲೇ ನಿಂತರು. ಸೀಟಿಗೊಂದು ಟಾವೆಲ್ಲು.

ಒಬ್ಬನೂ ಅವನ್ನು ಮುಟ್ಟಲಿಲ್ಲ. ಒಂದು ನಿಮಿಷದ ಹಿಂದೆ ಮುದುಕಿಯ ಪಕ್ಕೆಗೆ ಮೊಣಕೈ ಹಾಕಿದ ಗಂಡಸು ಒಂದು ಹಳೆಯ ಕರ್ಚೀಫಿನ ಮುಂದೆ ವಿನಯದಿಂದ ಕೈಕಟ್ಟಿ ನಿಂತ. ಮೂರು ಜನರ ಸೀಟಿನಲ್ಲಿ ಒಂದೇ ಚಪ್ಪಲಿ ಆರಾಮಾಗಿ ಕೂತಿತ್ತು, ಅದರ ಎದುರು ನಾಲ್ವರು ಕಂಬಿ ಹಿಡಿದು ತೂಗುತ್ತಿದ್ದರು. ಮನುಷ್ಯನನ್ನು ಎಬ್ಬಿಸಬಹುದು, ಬೈಯಬಹುದು, ನೂಕಬಹುದು. ಟಾವೆಲ್ಲನ್ನು ಮಾತ್ರ ಎತ್ತುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಇಷ್ಟು ಚೆನ್ನಾಗಿ ಪಾಲನೆಯಾಗುವ ಕಾಯಿದೆಯನ್ನು ನಾನು ಬೇರೆ ಕಂಡಿಲ್ಲ.

“ಯಾರವ್ರೀ ಇವು?” ಕಂಡಕ್ಟರ ಕೇಳಿದ.

“ಬರ್ತಾರ್ರೀ, ಚಾ ಕುಡೀಲಿಕ್ಕ ಹೋಗಿರಬೇಕು,” ಎಂದು ನಿಂತವನೊಬ್ಬ ಕಂಡರಿಯದವರ ಪರವಾಗಿ ವಕಾಲತ್ತು ಮಾಡಿದ.

ಅವ್ವ ಮುಂದಿನ ಸೀಟಿನಲ್ಲಿ ಹಳದಿ ಚೀಲವನ್ನು ಮಡಿಲಿಗೆ ತೆಗೆದುಕೊಂಡು ಕೂತಳು. ಒಂದೊಂದೇ ವಸ್ತು ಮುಟ್ಟಿ ನೋಡಿದಳು, ಬಳೆ ಒಡೆದಿರಲಿಲ್ಲ. ಚಾಚಾ ಟೋಪಿ ಹಾಕಿಕೊಂಡು, ಅದು ಬಿದ್ದಿದ್ದ ಸೀಟಿನಲ್ಲೇ ಕೂತು ಕಣ್ಣು ಮುಚ್ಚಿದರು. ಬಸ್ಸು ಊರು ಬಿಟ್ಟು ಹೊರಟಿತು. ನಮ್ಮ ಪಕ್ಕದ ಸೀಟಿನಲ್ಲಿ ಕೆಂಪು ಅಂಚಿನ ಟಾವೆಲ್ಲು ಒಂಟಿಯಾಗಿ ಪ್ರಯಾಣ ಮಾಡುತ್ತಿತ್ತು. ಅದರ ಮುಂದೆ ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಅವ್ವ ಕೈಚಾಚಿ ಟಾವೆಲ್ಲನ್ನು ಎತ್ತಿದಳು.

“ಕೂಡು ಯವ್ವಾ. ಇವರು ಬರಾಂಗಿಲ್ಲ.”

“ಬಂದು ಜಗಳ ತೆಗದ್ರ?”

“ಇವರು ಟೇಶನ್ನಾಗ ಬಸ್ಸಿಗಿ ಕಾಯಾಕತ್ತಾರ.”

ಅವಳಿಗೆ ಅರ್ಥವಾಗಲಿಲ್ಲ. ಕೂತಳು, ಆದರೆ ಸೀಟಿನ ಅಂಚಿಗೆ. ಟಾವೆಲ್ಲನ್ನು ಮಡಚಿ ಕೂಸಿನ ಪಕ್ಕ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ನಿಲ್ದಾಣದಲ್ಲೂ ಬಾಗಿಲ ಕಡೆ ನೋಡುತ್ತ ಕೂತಳು. ಉಳಿದವರು ಅವ್ವನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಕಮಲಾಪುರದವರೆಗೂ ನಿಂತೇ ಬಂದರು.

ನಾವು ಅಕ್ಕನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಏಳು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಪಡಸಾಲೆಯಲ್ಲಿ ರಂಗೋಲಿ, ಅದರ ಮೇಲೆ ಮಣೆ, ಸುತ್ತ ಹೆಂಗಸರು. ಅಕ್ಕ ತಲೆಸ್ನಾನ ಮಾಡಿ, ಹಳೆಯ ಸೀರೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದಳು. ನಮ್ಮನ್ನು ಕಂಡು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಮಣೆಯ ಮೇಲೆ ಅವಳಿಗಿಂತ ಮೊದಲೇ ಒಂದು ಸೀರೆ ಕೂತಿತ್ತು. ಅದೂ ಹಸಿರೇ, ಜರಿಯಂಚಿನದು, ಮಡಿಕೆ ಬಿಚ್ಚದ್ದು. ಅಕ್ಕನ ಅತ್ತೆ ಇಟ್ಟದ್ದು.

“ಬಂದ್ರೇನು ಬೀಗತಿ,” ಎಂದರು ಅವರು. “ನಿನ್ನಿ ರಾತ್ರಿ ರೈಲಿಗಿ ಬರ್ತೀನಿ ಅಂತ ಫೋನ್ ಮಾಡಿದ್ರಿ. ರೈಲೇ ಇಲ್ಲಂತ ಕೇಳಿದೆ. ಹ್ಯಾಂಗ ಬರ್ತಾರ ಪಾಪ ಅಂತ ನಾನೇ ನಮ್ಮ ಸೀರಿ ಇಟ್ಟೆ.”

ಹೆಂಗಸರ ಹತ್ತಿಪ್ಪತ್ತು ಜೊತೆ ಕಣ್ಣು ಮಣೆಯ ಮೇಲಿನ ಸೀರೆಯನ್ನು ನೋಡುತ್ತಿದ್ದವು. ಇಟ್ಟಾಗಿದೆ, ಇನ್ನೇನು ಮಾಡಲಾದೀತು ಎಂಬ ಆ ನೋಟ ನನಗೆ ಪರಿಚಿತವಾಗಿತ್ತು. ಅರ್ಧ ಗಂಟೆಯ ಹಿಂದೆ ಬಸ್ಸಿನ ತುಂಬ ಅದನ್ನೇ ನೋಡಿದ್ದೆ.

ಅವ್ವ ಚಪ್ಪಲಿ ಬಿಟ್ಟು, ಕಾಲು ತೊಳೆದು, ನೇರ ಮಣೆಯ ಹತ್ತಿರ ಹೋದಳು. ಬಗ್ಗಿ ಆ ಜರಿಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಬೀಗತಿಯ ಮಡಿಲಿಗೆ ಇಟ್ಟಳು.

“ಜಾಗಾ ಹಿಡದಿದ್ರಿ, ಉಪಕಾರ ಆತು,” ಎಂದಳು. “ನಾವು ಬಂದೀವಿ.”

ಆಮೇಲೆ ಹಳದಿ ಚೀಲದಿಂದ ನಮ್ಮ ಸೀರೆ ತೆಗೆದು, ರಾತ್ರಿಯ ಮಡಿಕೆಗಳನ್ನು ಅಂಗೈಯಿಂದ ತೀಡಿ, ಅಕ್ಕನನ್ನು ಕರೆದಳು.